ಭಂಗಾರವೋ, ಬಂಗಾರವೋ? – ಮಳೆಗಾಲಕ್ಕೆ ಮುನ್ನ ಅಜ್ಜನ ಫಿಯಾಟ್



ಯುಗಾದಿ ಕಾರ್ಯಕ್ರಮ ಮುಗಿದು ಎಲ್ಲರೂ ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೇ ಒಬ್ಬ ಹುಡುಗ ನನ್ನ ಹತ್ತಿರ ಬಂದು, "ಕಾಕಾ, ಅಜ್ಜನ ಗಾಡಿ ಏನ್ ಮಾಡೂದು? ಭಂಗಾರಕ್ಕ ಹಾಕೂದೇನು?" ಎಂದು ಕೇಳಿದ. ಪಕ್ಕದಲ್ಲಿದ್ದ ಅವನ ಅಜ್ಜಿಗೆ ಕಿವಿ ಸ್ವಲ್ಪ ಮಂದ. "ಬಂಗಾರನ ಅದು, ಮಾರಬ್ಯಾಡ" ಅಂದರು. ನಾವೆಲ್ಲ ನಕ್ಕೆವು. ಪುಣೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಈ ಎರಡು ಪದಗಳ ನಡುವಿನ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿಯ ಭಂಗಾರವೆಂದರೆ ಗುಜರಿ, ನಮ್ಮ ಬಂಗಾರವೆಂದರೆ ಚಿನ್ನ.

ನಗು ನಿಂತ ಮೇಲೆ ಸಂಗತಿ ತಿಳಿಯಿತು. ಹುಡುಗ ಜೂನ್ ಮೊದಲ ವಾರ ಕಂಪನಿಯ ಕೆಲಸದ ಮೇಲೆ ಜರ್ಮನಿಗೆ ಹೋಗುವವನು, ಹಿಂತಿರುಗುವುದು ದಸರೆಗೆ. ಮನೆಯಲ್ಲಿ ಅಜ್ಜಿ ಒಬ್ಬರೇ. ಅಜ್ಜ ತೀರಿಕೊಂಡ ಮೇಲೆ ಪ್ರೀಮಿಯರ್ ಪದ್ಮಿನಿ ಸೊಸಾಯಿಟಿಯ ಪಾರ್ಕಿಂಗಿನಲ್ಲಿ ನಿಂತಿದೆ, ವಾರಕ್ಕೊಮ್ಮೆ ಇವನೇ ಓಡಿಸುತ್ತಾನೆ. ಹಳೆಯ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದು ಹೇಗೆಂದು ವಿದೇಶದ ಪುಸ್ತಕವೊಂದನ್ನು ಓದಿದನಂತೆ. ಅದರಲ್ಲಿ ಚಳಿಗಾಲಕ್ಕೆ ಮುನ್ನ ರೇಡಿಯೇಟರಿಗೆ ಏನು ಹಾಕಬೇಕು, ಹಿಮದ ರಸ್ತೆಯ ಉಪ್ಪನ್ನು ಹೇಗೆ ತೊಳೆಯಬೇಕು ಎಂದೆಲ್ಲ ಇತ್ತಂತೆ.

ಆ ದೇಶಗಳಲ್ಲಿ ಅದು ಸರಿ. ಅಲ್ಲಿ ರೇಡಿಯೇಟರಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ನೇ ಸೀಳುತ್ತದೆ, ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ತಗಡನ್ನು ತಿನ್ನುತ್ತದೆ. ನಮ್ಮ ಪುಣೆಯಲ್ಲಾದರೋ ಡಿಸೆಂಬರ್, ಜನವರಿ ಎಂದರೆ ಹಳೆಯ ಕಾರು ಓಡಿಸಲು ಹಬ್ಬದ ಕಾಲ. ನಮ್ಮ ಗಾಡಿಗೆ ಗಂಡಾಂತರವಿರುವುದು ಮೃಗಶಿರಾ ಮಳೆಯಿಂದ ಹಸ್ತಾ ಮಳೆಯವರೆಗಿನ ನಾಲ್ಕು ತಿಂಗಳು. ಇಲ್ಲಿಯ ವೈರಿಗಳು ಗಾಳಿಯ ತೇವ, ಬೂಷ್ಟು ಮತ್ತು ಇಲಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ತಂದೆ ಧಾರವಾಡ ಬಿಟ್ಟು ಖಡಕಿಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದವರು. 1978ರ ಫಿಯಾಟನ್ನು ಹಳೆಯದಾಗಿ ಕೊಂಡರು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲವದು. ಪ್ರತಿ ಮೇ ತಿಂಗಳು ಅದರಲ್ಲಿ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ ಧಾರವಾಡಕ್ಕೆ ಹೋಗುತ್ತಿದ್ದೆವು. ಖಂಬಾಟಕಿ ಘಾಟಿನಲ್ಲಿ ರೇಡಿಯೇಟರ್ ಕುದಿಯುವುದೂ, ಅವ್ವ ಬುತ್ತಿಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಡುವುದೂ ಒಂದೇ ಹೊತ್ತಿಗೆ. ತಂದೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದರು. ಎಲ್ಲಿ ಎಷ್ಟು ಪೆಟ್ರೋಲ್ ಹಾಕಿಸಿದೆ, ಯಾರ ಮನೆಯಲ್ಲಿ ಉಳಿದೆವು, ಬರುವಾಗ ಯಾರು ಜೊತೆಗಿದ್ದರು, ಎಲ್ಲವೂ ಅದರಲ್ಲಿ ಕನ್ನಡದಲ್ಲಿ ಬರೆದಿರುತ್ತಿತ್ತು.

ತಂದೆ ಹೋದದ್ದು 1999ರ ಬೇಸಿಗೆಯಲ್ಲಿ. ಆ ವರ್ಷ ಕಾರಿನ ಕಡೆ ಹೋಗಲು ನನಗೆ ಮನಸ್ಸಾಗಲಿಲ್ಲ. ಮಳೆ ಬಂತೆಂದು ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ, ಹಗ್ಗದಿಂದ ಬಿಗಿದು, ಹ್ಯಾಂಡ್ ಬ್ರೇಕ್ ಜಗ್ಗಿ ನಿಲ್ಲಿಸಿಬಿಟ್ಟೆ. ಬಿಚ್ಚಿದ್ದು ಗಣಪತಿ ಹಬ್ಬ ಮುಗಿದ ಮೇಲೆ. ಸೀಟಿನ ಮೇಲೆ ಬಿಳಿ ಬೂಷ್ಟು. ನಾಲ್ವರು ನೂಕಿದರೂ ಚಕ್ರ ಅಲುಗಲಿಲ್ಲ. ಕಾಲಡಿಯ ಮ್ಯಾಟ್ ಎತ್ತಿದರೆ ಕೆಳಗಿನ ನೆಲ ಕಾಣಿಸಿತು, ತಗಡು ತೂತಾಗಿತ್ತು. ಗೂಡಿನಲ್ಲಿ ಇಲಿ ಮರಿ ಹಾಕಿತ್ತು. ಅದರ ಹಾಸಿಗೆ ಆ ನೋಟುಪುಸ್ತಕವೇ. ತಗಡಿಗೆ ತೇಪೆ ಹಾಕಿಸಿದೆ, ಬ್ರೇಕ್ ಬಿಡಿಸಿದೆ. ಪುಸ್ತಕದಲ್ಲಿ ಉಳಿದದ್ದು ರಟ್ಟು ಮಾತ್ರ.

ಹೀಗಾಗಿ ಮೊದಲ ಮಾತು: ಕಾಗದಪತ್ರ, ಫೋಟೋ, ದೇವರ ಪಟ, ಹಳೆಯ ಕ್ಯಾಸೆಟ್ಟು, ಏನಿದ್ದರೂ ಮೊದಲು ಮನೆಯೊಳಗೆ ತನ್ನಿ. ಉಳಿದದ್ದೆಲ್ಲ ಆಮೇಲೆ.

ಈ ಗಾಡಿಯ ಹಿಂದಿನ ಕಥೆಯೂ ನಿಮಗೆ ತಿಳಿದಿರಲಿ. ಭಾರತದಲ್ಲೇ ಮೋಟಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿ ಓಡಾಡಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅವರೊಡನೆ ಕೈಜೋಡಿಸಿದವರು ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರದಿಂದ ಬೆಂಬಲ ಸಿಗಲಿಲ್ಲ. ಕೊನೆಗೆ 1944ರಲ್ಲಿ ವಾಲಚಂದರು ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಮುಂಬಯಿಯ ಕುರ್ಲಾ ಕಾರ್ಖಾನೆಯಿಂದ 1950ರ ದಶಕದಲ್ಲಿ ಫಿಯಾಟ್ 1100 ಹೊರಬಂತು. ಅದೇ 1970ರ ದಶಕದಲ್ಲಿ ಪದ್ಮಿನಿಯಾಯಿತು. 1089 ಸಿ.ಸಿ. ಎಂಜಿನ್, ಸ್ಟೇರಿಂಗ್ ಕೆಳಗೆ ಗೇರು. 2000ದ ಸುಮಾರಿಗೆ ತಯಾರಿಕೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು.

ಇನ್ನು ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮುಖ್ಯವಾದದ್ದು ತುಕ್ಕು. ಫಿಯಾಟಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಅದರ ಎಲುಬು. ತಳ ಕೊಳೆತರೆ ಗಾಡಿಯ ಬೆನ್ನೇ ಮುರಿದಂತೆ. ಮೇ ತಿಂಗಳ ಬಿಸಿಲು ಇರುವಾಗಲೇ ಗಾಡಿಯ ತಳವನ್ನು, ಮಡ್‌ಗಾರ್ಡಿನ ಒಳಗನ್ನು ನೀರಿನ ರಭಸದಿಂದ ತೊಳೆಸಿ. ಅಲ್ಲಿ ಅಂಟಿದ ಹಳೆಯ ಮಣ್ಣು ಮಳೆಗಾಲವಿಡೀ ತೇವ ಹಿಡಿದಿಡುತ್ತದೆ. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ, ಅವು ಕಟ್ಟಿಕೊಂಡಿರುತ್ತವೆ. ಒಂದು ತಂತಿಯಿಂದ ಬಿಡಿಸಿ. ಐದು ನಿಮಿಷದ ಕೆಲಸ, ಆದರೆ ಬಾಗಿಲು ಉಳಿಯುವುದು ಅದರಿಂದಲೇ. ಮ್ಯಾಟುಗಳನ್ನು ತೆಗೆದು ಎರಡು ದಿನ ಬಾಗಿಲು ತೆರೆದು ಒಣಗಿಸಿ. ತುಕ್ಕು ಕಂಡಲ್ಲಿ ಕೆರೆದು, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಿ. ತುಕ್ಕಿನ ಮೇಲೆಯೇ ಡಾಂಬರು ಬಳಿಸಬೇಡಿ, ಅದು ಹುಣ್ಣನ್ನು ಮುಚ್ಚಿ ಒಳಗೇ ಬೆಳೆಸಿದಂತೆ.

ಎಂಜಿನ್ ಆಯಿಲನ್ನು ನಿಲ್ಲಿಸುವ ಮುಂಚೆ ಬದಲಿಸಿ, ಬಂದ ಮೇಲೆ ಅಲ್ಲ. ಬಳಸಿದ ಎಣ್ಣೆಯಲ್ಲಿ ಆಮ್ಲ ಸೇರಿರುತ್ತದೆ, ಅದು ನಾಲ್ಕು ತಿಂಗಳು ಬೇರಿಂಗುಗಳ ಮೇಲೆ ಕೂತಿರಬಾರದು. ರೇಡಿಯೇಟರಿನಲ್ಲಿ ನಲ್ಲಿ ನೀರಿನ ಬದಲು ಕೂಲಂಟ್ ಇರಲಿ. ನಮಗೆ ಅದು ಬೇಕಾದದ್ದು ಹಿಮಕ್ಕಾಗಿ ಅಲ್ಲ, ಒಳಗಿನ ತುಕ್ಕು ತಡೆಯಲು. ಬ್ರೇಕ್ ಆಯಿಲೂ ಗಾಳಿಯ ತೇವ ಹೀರುತ್ತದೆ, ಎರಡು ವರ್ಷವಾಗಿದ್ದರೆ ಬದಲಿಸಿಬಿಡಿ.

ಪೆಟ್ರೋಲಿನ ವಿಷಯದಲ್ಲಿ ನಮ್ಮ ತಂದೆಯ ಕಾಲದ ಬುದ್ಧಿ ಅರ್ಧ ಮಾತ್ರ ಸಾಲುತ್ತದೆ. ಟ್ಯಾಂಕು ಪೂರ್ತಿ ತುಂಬಿಸು, ಖಾಲಿ ಜಾಗದ ತೇವಗಾಳಿ ತಗಡಿಗೆ ತಾಗದು ಎನ್ನುತ್ತಿದ್ದರು. ಅದು ಈಗಲೂ ನಿಜ. ಆದರೆ ಈಗ ಪಂಪುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಇಥನಾಲ್ ಬೆರೆತ ಪೆಟ್ರೋಲ್. ಇಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಇಥನಾಲೂ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಕುಡಿಯುವುದು ಅದನ್ನೇ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಇವೂ ಅದರಿಂದ ಮೆತ್ತಗಾಗುತ್ತವೆ. ನಾಲ್ಕು ತಿಂಗಳಿಗಾದರೆ ತುಂಬಿಸಿ, ಮುಚ್ಚಳದ ವಾಷರ್ ನೋಡಿ, ಪೈಪುಗಳನ್ನು ಇಥನಾಲ್ ತಡೆಯುವಂಥವಕ್ಕೆ ಬದಲಿಸಿ. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ ನೋಡಿ. ವರ್ಷಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಪೂರ್ತಿ ಬರಿದು ಮಾಡುವುದೇ ಮೇಲು. ಕೊನೆಯ ದಿನ ಪೆಟ್ರೋಲಿನ ಪೈಪು ಕಳಚಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಇಲ್ಲವಾದರೆ ಕಾರ್ಬುರೇಟರಿನೊಳಗಿನ ಪೆಟ್ರೋಲ್ ಆರಿ ಅಂಟಾಗುತ್ತದೆ. ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಸ್ವಲ್ಪ ಹಿಂದೆ ಮುಂದೆ ನೂಕಿ, ಪ್ಲಗ್ ಹಾಕಿಬಿಡಿ.

ಹ್ಯಾಂಡ್ ಬ್ರೇಕ್ ಹಾಕಬೇಡಿ! ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಕೊಡಿ. ಟೈರಿಗೆ ಎಂದಿನದಕ್ಕಿಂತ ಐದಾರು ಪೌಂಡ್ ಹೆಚ್ಚು ಗಾಳಿ ಸಾಕು. ಬ್ಯಾಟರಿ ಕಳಚಿ ಮನೆಯೊಳಗೆ, ಒಲೆಯಿಂದ ದೂರ, ಹಲಗೆಯ ಮೇಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ.

ಹೊದಿಕೆ ಹತ್ತಿಯ ಬಟ್ಟೆಯದಾಗಿರಲಿ, ಸಡಿಲವಾಗಿರಲಿ. ಗಾಡಿ ಸೂರಿನಡಿ ಇದ್ದರೆ ಕಿಟಕಿಗಳನ್ನು ಒಂದು ಬೆರಳಷ್ಟು ಇಳಿಸಿ. ಬಯಲಿನಲ್ಲಿ ನಿಲ್ಲಿಸದೆ ಗತಿಯಿಲ್ಲವೆಂದರೆ ತಾಡಪತ್ರಿಯನ್ನು ಗಾಡಿಗೆ ಹೊದಿಸದೆ, ಮೇಲೆ ಚಪ್ಪರದಂತೆ ಕಟ್ಟಿ, ಸುತ್ತ ಗಾಳಿ ಆಡಲಿ. ಒಳಗೆ ಎರಡು ಗೋಣಿಚೀಲದಲ್ಲಿ ಇದ್ದಿಲು ಇಡುವುದು ನಮ್ಮ ಮೆಕ್ಯಾನಿಕ್ ಕಲಿಸಿದ ಉಪಾಯ. ಅಷ್ಟಿಷ್ಟು ತೇವ ಹೀರುತ್ತದೆ. ಇಲಿಗೆ ಕೆಲವರು ತಂಬಾಕಿನ ಎಲೆ, ಕೆಲವರು ನ್ಯಾಫ್ತಲೀನ್ ಗುಳಿಗೆ ಹೇಳುತ್ತಾರೆ. ನನಗೆ ಎರಡರ ಮೇಲೂ ನಂಬಿಕೆಯಿಲ್ಲ, ಗುಳಿಗೆಯ ವಾಸನೆಯಂತೂ ಸಂಕ್ರಾಂತಿಯವರೆಗೆ ಸೀಟು ಬಿಡುವುದಿಲ್ಲ. ಏರ್ ಕ್ಲೀನರಿನ ಬಾಯಿಗೆ ತಂತಿ ಜಾಲರಿ, ಸೈಲೆನ್ಸರಿಗೆ ಬಟ್ಟೆಯ ಉಂಡೆ, ಎಂಟು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುವ ಒಬ್ಬ ಮನುಷ್ಯ, ಇವೇ ಸರಿಯಾದ ಮದ್ದು. ಆ ಮನುಷ್ಯ ಯಾರೆಂದು ಹೋಗುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಸಂಘದಲ್ಲಿ ಇಷ್ಟು ಜನ ಕಾಕಾಂದಿರಿದ್ದೇವೆ, ಕೇಳಲು ಸಂಕೋಚ ಬೇಡ. ಅವರಿಗೆ ಒಂದು ಮಾತು ಹೇಳಿಡಿ: ಬ್ಯಾಟರಿ ಜೋಡಿಸಿ ಐದು ನಿಮಿಷ ಸ್ಟಾರ್ಟ್ ಮಾಡಿಡುವ ಉಪಕಾರ ಬೇಡ. ಎಂಜಿನ್ ಬಿಸಿಯಾಗುವ ಮುಂಚೆಯೇ ನಿಲ್ಲಿಸಿದರೆ ಸೈಲೆನ್ಸರಿನೊಳಗೆ ನೀರು ನಿಂತು ಅದನ್ನೇ ತಿನ್ನುತ್ತದೆ. ಅರ್ಧ ತಾಸು ಓಡಿಸಲಾಗದಿದ್ದರೆ ಮುಟ್ಟದಿರುವುದೇ ಲೇಸು.

ನಿಲ್ಲಿಸುವ ಜಾಗ ತಗ್ಗಿನದಾದರೆ ಇದೆಲ್ಲ ವ್ಯರ್ಥ. 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದು ಪೇಠೆಗಳೆಲ್ಲ ಮುಳುಗಿದ್ದನ್ನು ಹಿರಿಯರು ಹೇಳುತ್ತಿದ್ದರು. ಅದು ಹಳೆಯ ಮಾತಾಯಿತು ಎನ್ನುವಿರಾ? 2024ರ ಜುಲೈ 25ರಂದು ಖಡಕವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೇ ನೀರು ನುಗ್ಗಿತು. ವಿಶ್ವೇಶ್ವರಯ್ಯನವರು 1903ರಲ್ಲಿ ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ ಜಲಾಶಯವೇ ಅದು. ನದಿ ದಂಡೆಯ ಸೊಸಾಯಿಟಿಯವರು ನಾಲ್ಕು ತಿಂಗಳ ಮಟ್ಟಿಗೆ ಎತ್ತರದಲ್ಲಿರುವ ನೆಂಟರ ಅಂಗಳ ಹುಡುಕಿ.

ಕಾಗದಪತ್ರದ ಮಾತೂ ಇದೆ. ಗಾಡಿ ನಿಂತಿದೆಯೆಂದು ವಿಮೆ ತಪ್ಪಿಸಬೇಡಿ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ತಾರೀಖು ಮಳೆಗಾಲದಲ್ಲಿ ಬೀಳುತ್ತದೆಯೇ ನೋಡಿಕೊಳ್ಳಿ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ ಐವತ್ತು ವರ್ಷ ತುಂಬಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಅದು ಮೂಲರೂಪದಲ್ಲೇ ಇರಬೇಕು, ಬಾಡಿಯಲ್ಲಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನನ್ನ ಗಾಡಿಗೆ ಐವತ್ತು ತುಂಬುವುದು 2028ಕ್ಕೆ. 1999ರ ಆ ತೇಪೆಯನ್ನು ನೋಡಿ ಅಧಿಕಾರಿಗಳು ಏನನ್ನುವರೋ ಎಂಬ ಅಳುಕು ನನಗಿದೆ. ಹುಡುಗನ ಗಾಡಿಯ ತಗಡು ಇನ್ನೂ ಗಟ್ಟಿಯಾಗಿದೆ, ನಾನೇ ಮಲಗಿ ಬೆರಳಿನಿಂದ ಬಡಿದು ನೋಡಿದೆ. ಗುಜರಿಯವನು ತೂಕ ಹಾಕಿ ಕೊಡುವ ದುಡ್ಡು ಒಂದು ಸೆಟ್ ಟೈರಿಗೂ ಸಾಲುವುದು ಅನುಮಾನ. ಭಂಗಾರಕ್ಕೆ ಹಾಕಬೇಡವೆಂದು ಅವನಿಗೆ ಹೇಳಿದ್ದೇನೆ. ಮೇ ಕೊನೆಯ ಎರಡು ಭಾನುವಾರ ನಾವಿಬ್ಬರೂ ಕೂಡಿ ಈ ಕೆಲಸ ಮಾಡುವುದೆಂದು ನಿಶ್ಚಯವಾಗಿದೆ. ನಿಮ್ಮ ಮನೆಯಲ್ಲೂ ಇಂಥದೊಂದು ನಿಂತಿದ್ದರೆ ಬನ್ನಿ, ಕೈ ಮಸಿ ಮಾಡಿಕೊಳ್ಳಲು ಸಿದ್ಧರಾಗಿ ಬನ್ನಿ.

ಮತ್ತೆ ಹೊರತೆಗೆಯಲು ಖಂಡೇನವಮಿಗಿಂತ ಒಳ್ಳೆಯ ದಿನ ಯಾವುದಿದೆ? ಆದರೆ ಪೂಜೆಯ ದಿನ ಬೆಳಿಗ್ಗೆಯೇ ಕೀಲಿ ತಿರುಗಿಸಲು ಹೋಗಬೇಡಿ. ಎರಡು ದಿನ ಮುಂಚೆ ಬ್ಯಾಟರಿ ಕೂರಿಸಿ, ಕಳಚಿದ ಪೈಪು ಜೋಡಿಸಿ, ಬ್ರೇಕ್ ಒತ್ತಿ ನೋಡಿ, ಏರ್ ಕ್ಲೀನರಿನ ಜಾಲರಿ ತೆಗೆಯಿರಿ. ಸೈಲೆನ್ಸರಿನ ಬಟ್ಟೆಯನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಅದಕ್ಕೇ ನಾನು ಕೆಂಪು ಬಟ್ಟೆ ತುರುಕಿ, ಅದರದೇ ಒಂದು ಚೂರನ್ನು ಹರಿದು ಕೀಲಿಗೆ ಕಟ್ಟಿಡುತ್ತೇನೆ. ಹುಡುಗನ ಅಜ್ಜಿ ಆ ಕೆಲಸಕ್ಕೆ ತಮ್ಮ ಹಳೆಯ ಇಳಕಲ್ ಸೀರೆಯ ಒಂದು ತುಂಡನ್ನು ಆಗಲೇ ಎತ್ತಿಟ್ಟಿದ್ದಾರೆ.