ಟೇಸ್ಟಿಂಗ್ ಪೌಡರ್: ವಿಷವೋ, ರುಚಿಯೋ?

ಸಂತೆಯ ದಿನ ಗೋಬಿ ಗಾಡಿಯ ಬಾಣಲೆಗೆ ಬೀಳುವ ಬಿಳಿ ಹರಳಿನ ಪುಡಿಯನ್ನು ನೀವೆಲ್ಲ ನೋಡಿರುತ್ತೀರಿ. ಗಾಡಿಯವರು ಟೇಸ್ಟಿಂಗ್ ಪೌಡರ್ ಅಂತಾರೆ, ಅಂಗಡಿಯಲ್ಲಿ ಅಜಿನೊಮೊಟೊ ಅಂತ ಕೇಳಬೇಕು. ವಿಜ್ಞಾನದಲ್ಲಿ ಅದರ ಹೆಸರು ಮೋನೋಸೋಡಿಯಂ ಗ್ಲುಟಮೇಟ್. ನಮ್ಮಜ್ಜಿ ಅದು ವಿಷ ಅಂತಾರೆ. ಅದಿಲ್ಲದ ಗೋಬಿ ಗೋಬಿಯೇ ಅಲ್ಲ ಅಂತಾನೆ ನನ್ನ ತಮ್ಮ. ಎಷ್ಟು ಹಾಕ್ತಾರೆ ಅಂತ ಇಬ್ಬರೂ ಕೇಳುವುದಿಲ್ಲ.

1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಅವರು ಕೊಂಬು ಎಂಬ ಕಡಲಪಾಚಿಯ ಸಾರಿಗೆ ರುಚಿ ಕೊಡುವುದು ಈ ಗ್ಲುಟಮೇಟ್ ಎಂದು ಕಂಡುಹಿಡಿದರು. ಮಾಗಿದ ಟೊಮೇಟೊದಲ್ಲೂ ಅದಿದೆ, ತಾಯಿಯ ಹಾಲಿನಲ್ಲೂ ಇದೆ. ಹಾಗಾಗಿ ಬರೀ ವಿಷ ಎನ್ನಲು ಬರುವುದಿಲ್ಲ.

ಹಾಗಾದರೆ ಮಿತಿ ಎಷ್ಟು? 1987ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಅಂಕಿಯ ಮಿತಿ ಬೇಕಿಲ್ಲ ಎಂದರು. 2017ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಒಂದು ಮಿತಿ ಹಾಕಿತು. ಇಲಿಗಳಿಗೆ ದಿನಕ್ಕೆ ಕೆಜಿ ತೂಕಕ್ಕೆ 3200 ಮಿಲಿಗ್ರಾಂ ಕೊಟ್ಟರೂ ತೊಂದರೆ ಕಂಡಿರಲಿಲ್ಲ. ಆದರೆ ಮನುಷ್ಯ ಇಲಿಯಲ್ಲ, ಮನುಷ್ಯರೂ ಎಲ್ಲರೂ ಒಂದೇ ಥರ ಇರಲ್ಲ. ಅದಕ್ಕೇ ಅದನ್ನು 100ರಿಂದ ಭಾಗಿಸಿ, ಗ್ಲುಟಮಿಕ್ ಆಮ್ಲದ ಲೆಕ್ಕದಲ್ಲಿ 30 ಮಿಲಿಗ್ರಾಂ ಎಂದು ಇಟ್ಟರು. ಇದು ಮೇಲಿಂದ ಹಾಕುವುದಕ್ಕೆ ಮಾತ್ರ, ಟೊಮೇಟೊದಲ್ಲಿ ಇರುವುದಕ್ಕಲ್ಲ. ನಾನು ಈ ಬಿಗಿಯಾದ ಮಿತಿಯನ್ನೇ ಹಿಡಿಯುತ್ತೇನೆ.

ನಿಮ್ಮ ತೂಕ 30 ಕೆಜಿ ಅಂದುಕೊಳ್ಳಿ. 30×30 = 900 ಮಿಲಿಗ್ರಾಂ. ಹರಳಿನ ಲೆಕ್ಕಕ್ಕೆ ತಂದರೆ ಸುಮಾರು 1.1 ಗ್ರಾಂ. ಈಗ ಗಾಡಿಗೆ ಬನ್ನಿ. 100 ಗ್ರಾಂ ಪೊಟ್ಟಣ 100 ಪ್ಲೇಟಿಗೆ ಬಂದರೆ ಪ್ಲೇಟಿಗೆ 1 ಗ್ರಾಂ. 50 ಪ್ಲೇಟಿಗೇ ಖಾಲಿಯಾದರೆ 2 ಗ್ರಾಂ, ಒಂದೇ ಪ್ಲೇಟಿಗೆ ನಮ್ಮ ಮಿತಿ ದಾಟಿತು! ದಾಟಿದ ಕೂಡಲೇ ಕಾಯಿಲೆ ಬರುತ್ತದೆ ಎಂದಲ್ಲ, 100ರಿಂದ ಭಾಗಿಸಿದ್ದು ಅದಕ್ಕೇ. ಆದರೆ ದಿನಾ ದಾಟಬಾರದು. ಬರೀ ಹೊಟ್ಟೆಯಲ್ಲಿ 3 ಗ್ರಾಂ ಅಥವಾ ಹೆಚ್ಚು ಒಮ್ಮೆಗೇ ತೆಗೆದುಕೊಂಡರೆ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು ಬರಬಹುದು ಎಂದು ಅಮೆರಿಕದ ಆಹಾರ ಇಲಾಖೆಯೂ ಹೇಳುತ್ತದೆ.

ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿಗೆ ನಿಷೇಧಿಸಿದ್ದು ಕೃತಕ ಬಣ್ಣವನ್ನು, ಈ ಪುಡಿಯನ್ನಲ್ಲ. ಅಜ್ಜಿ ಎರಡನ್ನೂ ಒಂದೇ ಮಾಡ್ತಾರೆ. ಕೆಂಪಗೆ ಹೊಳೆಯುವ ಗೋಬಿ ಕಂಡರೆ ನಾನಂತೂ ಮುಂದೆ ಹೋಗ್ತೇನೆ.

ಬರುವ ಸಂತೆಯಲ್ಲಿ ಗಾಡಿಯ ಅಣ್ಣನನ್ನು ಕೇಳಿ: "ಅಣ್ಣಾ, ಒಂದು ಪೊಟ್ಟಣ ಎಷ್ಟು ಪ್ಲೇಟಿಗೆ ಬರುತ್ತೆ?" ಉತ್ತರವನ್ನು ಈ ಹಾಳೆಯ ಕೆಳಗೆ ಬರೆಯಿರಿ, ಜಾಗ ಬಿಟ್ಟಿದ್ದೇನೆ.