ಕಂಪ್ಯೂಟರು ಕಣ್ಣು ಮುಚ್ಚುವ ಮುನ್ನ

ರಾತ್ರಿ ಕೆಲಸ ಮುಗಿಯಿತೆಂದು ಮನೆಯ ಕಂಪ್ಯೂಟರಿಗೆ 'ಶಟ್ ಡೌನ್' ಎಂದು ಅಪ್ಪಣೆ ಕೊಡುತ್ತೇವೆ. ಅದು ಒಡನೆಯೇ ಆರುವುದಿಲ್ಲ. ಕೆಲವು ಸೆಕೆಂಡುಗಳ ಕಾಲ ತನ್ನೊಳಗೇ ಏನನ್ನೋ ಮಾಡುತ್ತಿರುತ್ತದೆ. ತಾಳ್ಮೆಯಿಲ್ಲದವರು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುವುದುಂಟು. ಆ ಕೆಲವು ಸೆಕೆಂಡುಗಳಲ್ಲಿ ನಡೆಯುವುದೇನೆಂದು ಬಲ್ಲವರು ಹಾಗೆ ಮಾಡಲಾರರು.

ನಮ್ಮ ಪತ್ರಗಳು, ಲೆಕ್ಕಗಳು, ಮಕ್ಕಳ ಚಿತ್ರಗಳು ಎಲ್ಲವೂ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದರೊಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ, ಬರೆಯುವ ತಲೆ ತಟ್ಟೆಗೆ ತಾಗದಂತೆ ಅತಿ ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಇನ್ನೊಂದು ಸಂಗತಿಯಿದೆ. ಬರೆಯಲು ಕೊಟ್ಟ ವಿಷಯವನ್ನು ಡಿಸ್ಕು ಕೂಡಲೇ ತಟ್ಟೆಗೆ ಬರೆಯದೆ, ಕ್ಯಾಶ್ ಎಂಬ ಚಿಕ್ಕ ಸ್ಮೃತಿಯಲ್ಲಿ ಇಟ್ಟುಕೊಂಡು, 'ಬರೆದಾಯಿತು' ಎಂದು ಉತ್ತರ ಕೊಟ್ಟುಬಿಡಬಹುದು. ಅಷ್ಟರಲ್ಲಿ ವಿದ್ಯುತ್ತು ಹೋದರೆ ಕ್ಯಾಶಿನಲ್ಲಿದ್ದುದೆಲ್ಲ ಮರೆತೇ ಹೋಗುತ್ತದೆ.

ಇದನ್ನು ಕಾಯುವವನು ಡ್ರೈವರ್. ಇದು ಆಪರೇಟಿಂಗ್ ಸಿಸ್ಟಮಿಗೂ ಡಿಸ್ಕಿಗೂ ನಡುವೆ ನಿಂತು ಮಾತು ಮುಟ್ಟಿಸುವ ಪ್ರೋಗ್ರಾಮು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಎಸಿಪಿಐ ಎಂಬ ಕಟ್ಟಳೆಯನ್ನು ಹೊರತಂದುವು. ಯಾವ ಯಂತ್ರಾಂಗ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂಬ ಯಜಮಾನಿಕೆ ಇದರಿಂದ ಆಪರೇಟಿಂಗ್ ಸಿಸ್ಟಮಿನ ಪಾಲಿಗೆ ಬಂದಿತು. ಇದರಲ್ಲಿ ಸಾಧನಗಳಿಗೆ ಡಿ-0ಯಿಂದ ಡಿ-3ರ ವರೆಗೆ ಸ್ಥಿತಿಗಳುಂಟು: ಡಿ-0 ಎಂದರೆ ಪೂರ್ಣ ಎಚ್ಚರ, ಡಿ-3 ಎಂದರೆ ಗಾಢ ನಿದ್ರೆ.

'ಡಿ-3ಕ್ಕೆ ಹೋಗು' ಎಂಬ ಕೋರಿಕೆ ಬಂದಾಗ ಡಿಸ್ಕಿನ ಡ್ರೈವರ್ ಮೊದಲು ಹೊಸ ಕೆಲಸಗಳನ್ನು ಸರದಿಯಲ್ಲಿ ತಡೆದು ನಿಲ್ಲಿಸುತ್ತದೆ. ಕೈಯಲ್ಲಿರುವ ಕೆಲಸಗಳನ್ನು ಮುಗಿಸುತ್ತದೆ. ಬಳಿಕ 'ಕ್ಯಾಶಿನಲ್ಲಿರುವುದನ್ನೆಲ್ಲ ತಟ್ಟೆಗೆ ಬರೆ' ಎಂದು ಡಿಸ್ಕಿಗೆ ಹೇಳುತ್ತದೆ. ಅದು ಮುಗಿದ ಮೇಲೆಯೇ 'ತಿರುಗುವುದನ್ನು ನಿಲ್ಲಿಸು' ಎಂಬ ಅಪ್ಪಣೆ. ತಲೆ ತನ್ನ ಸುರಕ್ಷಿತ ಜಾಗಕ್ಕೆ ಸರಿಯುತ್ತದೆ, ತಟ್ಟೆ ನಿಲ್ಲುತ್ತದೆ. ಆಮೇಲೆ ಕೋರಿಕೆಯನ್ನು ಕೆಳಗಿನ ಡ್ರೈವರಿಗೆ ದಾಟಿಸಿ ವಿದ್ಯುತ್ತನ್ನು ಕಡಿಯಬಹುದು.

ಇಲ್ಲೊಂದು ತೊಡಕಿದೆ. ಸರದಿಗೆ ಬೀಗ ಹಾಕಿದ ಡ್ರೈವರು ತನ್ನ ಈ ಎರಡು ಅಪ್ಪಣೆಗಳನ್ನೂ ಅದೇ ಸರದಿಯಲ್ಲಿ ನಿಲ್ಲಿಸಿದರೆ, ಅವು ಎಂದಿಗೂ ಡಿಸ್ಕನ್ನು ಮುಟ್ಟವು. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಹಾಕಿಕೊಂಡವನ ಪಾಡು! ಆದುದರಿಂದ ವಿಂಡೋಸಿನಲ್ಲಿ ಇಂಥ ಅಪ್ಪಣೆಗಳಿಗೆ ಬೀಗವನ್ನು ದಾಟಿ ಹೋಗುವ ವಿಶೇಷ ಗುರುತನ್ನು ಇಟ್ಟಿದ್ದಾರೆ.

ಏಳುವಾಗ ಕ್ರಮ ತಿರುಗುಮುರುಗು. ಹಳೆಯ ವಾಲ್ವ್ ಟ್ರಾನ್ಸ್‌ಮಿಟರುಗಳಲ್ಲಿ ಮೊದಲು ತಂತು ಕಾಯಬೇಕು, ಆಮೇಲೆ ಹೆಚ್ಚಿನ ವೋಲ್ಟೇಜು. ನಿಲ್ಲಿಸುವಾಗ ಮೊದಲು ವೋಲ್ಟೇಜು ಹೋಗಬೇಕು, ಕೊನೆಗೆ ತಂತು. ಇಲ್ಲಿಯೂ ಹಾಗೆಯೇ. ಮೊದಲು ಕೆಳಗಿನ ಅಂಗಗಳಿಗೆ ವಿದ್ಯುತ್ತು ಬರಬೇಕು, ಬಳಿಕ ತಟ್ಟೆ ತಿರುಗಿ ವೇಗ ಹಿಡಿಯಬೇಕು; ಸರದಿಯ ಬಾಗಿಲು ತೆರೆಯುವುದು ಕಟ್ಟಕಡೆಗೆ. ತಟ್ಟೆ ವೇಗ ಹಿಡಿಯಲು ಕೆಲವು ಸೆಕೆಂಡುಗಳು ಬೇಕು. ಅಷ್ಟು ಕಾಯದ ಡ್ರೈವರು ಒಳ್ಳೆಯ ಡಿಸ್ಕನ್ನೇ ಕೆಟ್ಟಿತೆಂದು ತಿಳಿದೀತು.

ತಟ್ಟೆಯೇ ಇಲ್ಲದ ಹೊಸ ಎಸ್‌ಎಸ್‌ಡಿಗಳಿಗೆ ಈ ಚಿಂತೆಯಿಲ್ಲವೆಂದು ತಿಳಿಯಬಾರದು. ತಿರುಗುವ ಭಾಗವಿಲ್ಲದಿದ್ದರೂ ಅವುಗಳಿಗೂ ಬರೆದು ಮುಗಿಸಬೇಕಾದ ಬಾಕಿಯಿರುತ್ತದೆ. ಆರಿಸುವ ಮುನ್ನ ಅವುಗಳಿಗೂ ಮುನ್ಸೂಚನೆ ಬೇಕು.

ವಿದ್ಯುತ್ತು ಹೇಳದೆ ಹೋದರೆ ಡ್ರೈವರಿಗೆ ಈ ಯಾವುದಕ್ಕೂ ಅವಕಾಶವಿಲ್ಲ. ಯುಪಿಎಸ್ ಇದ್ದರೆ ಕೆಲವು ನಿಮಿಷ ದೊರೆಯುತ್ತದೆ. ಆಗ ಕಂಪ್ಯೂಟರನ್ನು ಕ್ರಮವಾಗಿ ನಿಲ್ಲಿಸಬೇಕು. ಉಳಿದಂತೆ ನಾವು ಮಾಡಬೇಕಾದುದು ಇಷ್ಟೆ: ಅಪ್ಪಣೆ ಕೊಟ್ಟ ಮೇಲೆ, ಅದು ತಾನಾಗಿ ಆರುವವರೆಗೆ ಸ್ವಿಚ್ಚಿನ ಮೇಲೆ ಕೈಯಿಡದಿರುವುದು.