ಕಡತ ಸೇರದ ಪ್ರಶ್ನೆಗಳು

‘ಘಟನೆಯ ವೇಳೆ ನಾನು ಕಿರುಚಿಕೊಳ್ಳಲಿಲ್ಲ ಎಂದರೆ ಸರಿ. ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’

ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಪಾಟಿ ಸವಾಲು ಸಾಮಾನ್ಯವಾಗಿ ದಾಖಲಾಗುವುದು ಹೀಗೆ. ಮಾತೆಲ್ಲ ವಕೀಲರದ್ದು, ‘ಸರಿ’, ‘ಸರಿಯಲ್ಲ’ ಎಂಬುದಷ್ಟೇ ಸಾಕ್ಷಿಯದ್ದು. ಟೈಪಾಗುವಾಗ ಮಾತ್ರ ಇಡೀ ವಾಕ್ಯ ಅವಳದೇ ಆಗಿಬಿಡುತ್ತದೆ. ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದ್ದು, ದನಿ ಏರಿಸಿದ್ದು, ಮೈಯ ಯಾವ ಭಾಗವೆಂದು ಬಿಡಿಸಿ ಹೇಳಿಸಿದ್ದು ಯಾವುದೂ ಆ ಹಾಳೆಯಲ್ಲಿ ಇರುವುದಿಲ್ಲ. ಮೇಲ್ಮನವಿ ಹೋದರೆ ಮೇಲಿನ ನ್ಯಾಯಾಲಯ ಓದುವುದು ಅದೇ ಹಾಳೆಯನ್ನು.

ಅತ್ಯಾಚಾರದ ದೂರು ಕೊಟ್ಟವಳ ನಡತೆ ಸರಿಯಿಲ್ಲವೆಂದು ತೋರಿಸಿ ಸಾಕ್ಷ್ಯವನ್ನು ಅಲುಗಾಡಿಸಲು 1872ರ ಸಾಕ್ಷ್ಯ ಅಧಿನಿಯಮ ರಾಜಾರೋಷವಾಗಿ ಅವಕಾಶ ಕೊಟ್ಟಿತ್ತು. ಅದು ರದ್ದಾದದ್ದು 2002ರ ತಿದ್ದುಪಡಿಯಿಂದ! ಪಾಟಿ ಸವಾಲಿನ ಹೊತ್ತಿಗೆ ನ್ಯಾಯಾಧೀಶರು ಮೂಕಪ್ರೇಕ್ಷಕರಾಗಿ ಕೂರಬಾರದೆಂದು ಸುಪ್ರೀಂ ಕೋರ್ಟ್ 1996ರ ಗುರ್ಮಿತ್ ಸಿಂಗ್ ಪ್ರಕರಣದಲ್ಲೇ ಹೇಳಿತ್ತು. 2004ರ ‘ಸಾಕ್ಷಿ’ ತೀರ್ಪು ಪರದೆಯ ಮರೆ, ನಡುನಡುವೆ ಬಿಡುವು, ಘಟನೆಯ ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಬರೆದುಕೊಡುವ ಪದ್ಧತಿಯನ್ನು ಸೂಚಿಸಿತು.

ನಡತೆಯ ಪ್ರಶ್ನೆ ಹೋಯಿತು, ವರ್ತನೆಯ ಪ್ರಶ್ನೆ ಉಳಿಯಿತು. ಯಾಕೆ ಕಿರುಚಲಿಲ್ಲ? ಮರುದಿನ ಮೆಸೇಜ್ ಯಾಕೆ ಕಳಿಸಿದಿರಿ? ಠಾಣೆಗೆ ಹೋಗಲು ಇಷ್ಟು ದಿನ ಬೇಕಿತ್ತೆ? ವಕೀಲರಷ್ಟೇ ಹೀಗೆ ಯೋಚಿಸುತ್ತಾರೆ ಎನ್ನುವಂತಿಲ್ಲ. ಘಟನೆಯ ಬಳಿಕ ದಣಿದು ನಿದ್ದೆಹೋದೆ ಎಂಬ ದೂರುದಾರೆಯ ಮಾತು ಭಾರತೀಯ ಮಹಿಳೆಗೆ ತಕ್ಕುದಲ್ಲವೆಂದು 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟೇ ನಿರೀಕ್ಷಣಾ ಜಾಮೀನು ಆದೇಶವೊಂದರಲ್ಲಿ ಬರೆದಿತ್ತು. ಆ ಮಾತನ್ನು ಆಮೇಲೆ ಆದೇಶದಿಂದ ತೆಗೆಯಲಾಯಿತು.

ಭಯದಲ್ಲಿ ಮೈ ಮರಗಟ್ಟುವುದುಂಟು, ಆಘಾತದ ನೆನಪು ಚೂರುಚೂರಾಗಿ ಬರುವುದುಂಟು. ವರ್ಷಗಳ ಮೇಲೆ ಕಟಕಟೆ ಹತ್ತಿದವಳಿಗೆ ಆಗ ಗಂಟೆ ಎಷ್ಟು, ಬಾಗಿಲು ಯಾವ ದಿಕ್ಕಿಗಿತ್ತು ಎಂದು ಕೇಳಿ, ಪೊಲೀಸರ ಮುಂದಿನ ಹೇಳಿಕೆಗೆ ತಾಳೆಯಾಗುತ್ತಿಲ್ಲ ಎಂದರೆ ಯಾರಾದರೂ ತಡವರಿಸುತ್ತಾರೆ. ಆ ತಡವರಿಕೆಯೇ ಸುಳ್ಳಿಗೆ ಪುರಾವೆಯಾಗುತ್ತದೆ. ಸಾಕಾಗಿ ಹಿಂದೆ ಸರಿದವಳು ಕಡತದಲ್ಲಿ ‘ಪ್ರತಿಕೂಲ ಸಾಕ್ಷಿ’.

ಪಾಟಿ ಸವಾಲೇ ಬೇಡ ಎಂದರೆ ತಪ್ಪಾಗುತ್ತದೆ. ನಿರಪರಾಧಿಗೆ ಇರುವ ದೊಡ್ಡ ರಕ್ಷಣೆ ಅದು. ಆದರೆ ಪೋಕ್ಸೊ ಪ್ರಕರಣಗಳಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಅಷ್ಟಕ್ಕೆ ಆರೋಪಿಯ ಹಕ್ಕೇನೂ ಮುಳುಗಿಹೋಗಿಲ್ಲ.

ಸಾಕ್ಷ್ಯವನ್ನು ಪ್ರಶ್ನೋತ್ತರ ರೂಪದಲ್ಲೇ ದಾಖಲಿಸುವ, ಸಾಕ್ಷಿಯ ಹಾವಭಾವವನ್ನೂ ಬರೆದಿಡುವ ಅಧಿಕಾರ ನ್ಯಾಯಾಧೀಶರಿಗೆ ಈಗಾಗಲೇ ಇದೆ, ಹೊಸ ಕಾಯ್ದೆ ಬೇಕಿಲ್ಲ. ಇಂಥ ಪ್ರಕರಣಗಳಲ್ಲಾದರೂ ಅದನ್ನು ತಪ್ಪದೆ ಬಳಸಲಿ. ವಕೀಲರು ಕೇಳಿದ್ದು ವಕೀಲರ ಹೆಸರಿನಲ್ಲೇ ಕಡತ ಸೇರಲಿ.